ಅಮೇರಿಕದ ಅಜ್ಜಿಯ ಅಡಿಗೆಮನೆ

ಅಮೇರಿಕಾ ಎಂದೊಡನೆ ನಮ್ಮ ಜನರ ಕಣ್ಣ ಮುಂದೆ ಬಂದು ನಿಲ್ಲುವುದು ಮುಗಿಲು ಮುಟ್ಟುವ ಮಹಡಿಗಳು, ಎಡೆಬಿಡದೆ ಹರಿಯುವ ಮೋಟಾರುಗಳು, ಕಾಗದದ ಲೋಟವನ್ನು ಕೈಯಲ್ಲಿ ಹಿಡಿದು ನಡೆನಡೆಯುತ್ತಲೇ ಕಾಫಿ ಕುಡಿಯುವ ಜನ. ಆ ದೇಶದಲ್ಲಿ ಬಂಧುಬಳಗವೆಂಬುದುಂಟೆ, ಅಜ್ಜಿಯ ಮನೆಯೆಂಬುದುಂಟೆ, ಮನೆಯ ಅಡಿಗೆಯ ರುಚಿಗಾಗಿ ನೂರಾರು ಮೈಲಿ ಪ್ರಯಾಣಮಾಡಿ ಬರುವ ಮಕ್ಕಳುಂಟೆ ಎಂದು ಸಂದೇಹಪಡುವವರು ನಮ್ಮಲ್ಲಿ ಅನೇಕರಿರುವರು. ನಾವೂ ಹಾಗೆ ಸಂದೇಹಪಟ್ಟವರೇ. 2018ನೆಯ ಇಸವಿಯ ಶರತ್ಕಾಲದಲ್ಲಿ ಒಹಾಯೋ ಸಂಸ್ಥಾನದ ಒಂದು ಚಿಕ್ಕ ಊರಿನಲ್ಲಿ, ಮಗಳ ಮನೆಯಲ್ಲಿ, ಮೂರು ತಿಂಗಳು ಇದ್ದು ಬಂದಮೇಲೆ ನಮ್ಮ ಸಂದೇಹವು ಪರಿಹಾರವಾಯಿತು. ಅಷ್ಟೇ ಅಲ್ಲ, ನಮ್ಮ ಮನೆಯಲ್ಲಿ ನಾವು ಕಳೆದುಕೊಂಡಿದ್ದುದು ಯಾವುದು, ಅದನ್ನು ಹುಡುಕಬೇಕಾದುದು ಎಲ್ಲಿ ಎಂಬುದೂ ಅಲ್ಲಿಯೇ ತಿಳಿಯಿತು. ಆ ವಿಚಾರವನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ಆ ಊರಿನ ಜನಸಂಖ್ಯೆ ನಾಲ್ಕೈದು ಸಾವಿರವನ್ನು ಮೀರದು. ಊರ ನಡುವೆ ಗಡಿಯಾರದ ಗೋಪುರವುಳ್ಳ ನ್ಯಾಯಸ್ಥಾನ. ಅದರ ಸುತ್ತ ಚೌಕವಾದ ಪೇಟೆ. ಒಂದು ತುದಿಯಲ್ಲಿ ದವಸ ತುಂಬುವ ಎತ್ತರವಾದ ಕಣಜಗಳು. ಇನ್ನೊಂದು ತುದಿಯಲ್ಲಿ ಊರ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದ ನೀರಿನ ತೊಟ್ಟಿ. ಮನೆಗಳು ಬಹುಮಟ್ಟಿಗೆ ಮರದವು. ಒಂದೊಂದರ ಮುಂದೆಯೂ ನಮ್ಮ ಕಡೆಯ ಜಗಲಿಯನ್ನು ನೆನಪಿಗೆ ತರುವ ಮೊಗಸಾಲೆ. ಅಕ್ಟೋಬರ್ ಬಂತೆಂದರೆ ಬೀದಿಯ ಎರಡು ಬದಿಯ ಮೇಪಲ್ ಮರಗಳು ಕೆಂಪೇರಿ, ಎಲೆಯುದುರಿ, ನಡೆದರೆ ಕಾಲಡಿಯಲ್ಲಿ ಸರಬರ ಸದ್ದಾಗುವುದು. ಊರ ಹೊರಗೆ ಕಣ್ಣು ಹಾಯುವವರೆಗೂ ಮುಸುಕಿನ ಜೋಳದ ಹೊಲಗಳು. ಪೇಟೆಯ ಮೂಲೆಯಲ್ಲಿ ಒಂದು ಪುಸ್ತಕಭಂಡಾರ. ಉಕ್ಕಿನ ವ್ಯಾಪಾರದಲ್ಲಿ ಕೋಟ್ಯಧೀಶರಾದ ಆಂಡ್ರೂ ಕಾರ್ನೆಗಿಯವರು ಆ ದೇಶದಲ್ಲಿ 1,600ಕ್ಕೂ ಮಿಕ್ಕು ಪುಸ್ತಕಭಂಡಾರಗಳಿಗೆ ದ್ರವ್ಯವಿತ್ತರಷ್ಟೆ. ಇದೂ ಅವುಗಳಲ್ಲಿ ಒಂದು. ಮಗಳೂ ಅಳಿಯಂದಿರೂ ಕೆಲಸಕ್ಕೆ ಹೋದಮೇಲೆ ಹಗಲೆಲ್ಲ ನಮಗೆ ಆಶ್ರಯವಾಗಿದ್ದುವು ಎರಡೇ ಸ್ಥಳಗಳು: ಒಂದು ಆ ಪುಸ್ತಕಭಂಡಾರ, ಇನ್ನೊಂದು ನೆರೆಮನೆಯ ಅಜ್ಜಿಯ ಮೊಗಸಾಲೆ.

ಆ ಅಜ್ಜಿಗೆ ಆಗ ಎಂಬತ್ತಾರು ವರ್ಷ. ಪತಿಯು ಗತಿಸಿ ಬಹುಕಾಲವಾಗಿತ್ತು. ಮಕ್ಕಳು ಮೂವರು, ಮೂರು ದೂರದ ಊರುಗಳಲ್ಲಿ. ನಾವು ಹೋಗಿ ಇಳಿದ ಮರುದಿನವೇ ಅವರು ಕೋಲೂರಿಕೊಂಡು ಬಂದು ಗಾಜಿನ ಭರಣಿಯೊಂದನ್ನು ನಮ್ಮ ಮನೆಯವರ ಕೈಗಿತ್ತು, ‘ಇದು ಆಪಲ್ ಬಟರ್, ಹೋದ ವರ್ಷದ್ದು, ಚೆನ್ನಾಗಿ ಹದವಾಗಿದೆ’ ಎಂದರು. ಸೇಬಿಗೂ ಬೆಣ್ಣೆಗೂ ಏನು ಸಂಬಂಧವೆಂದು ನಾವು ಬೆರಗಾದೆವು. ಆಮೇಲೆ ತಿಳಿಯಿತು, ಅದರಲ್ಲಿ ಬೆಣ್ಣೆಯ ಲೇಶವೂ ಇಲ್ಲ. ಸೇಬನ್ನು ಅದರ ರಸದಲ್ಲಿಯೇ ಬೇಯಿಸಿ, ಇಂಗಿಸಿ, ಬೆಣ್ಣೆಯಂತೆ ಸವರಲು ಬರುವ ಹದಕ್ಕೆ ತಂದ ಲೇಹ್ಯವದು. ಚಪಾತಿಯೊಡನೆ ತಿಂದೆವು. ಭರಣಿಯು ನಾಲ್ಕು ದಿನದಲ್ಲಿ ಬರಿದಾಯಿತು. ಬರಿಯ ಪಾತ್ರೆಯನ್ನು ಹಿಂದಿರುಗಿಸುವುದು ನಮ್ಮಲ್ಲಿ ಪದ್ಧತಿಯಲ್ಲವಾದಕಾರಣ, ನಮ್ಮ ಮನೆಯವರು ಅದರ ತುಂಬ ನಿಂಬೆಯ ಹಣ್ಣಿನ ಚಿತ್ರಾನ್ನವನ್ನು ಹಾಕಿ ಕೊಟ್ಟುಬಂದರು. ಅಂದಿನಿಂದ ನಮಗೂ ಅಜ್ಜಿಗೂ ಬಳಕೆ ಬೆಳೆಯಿತು.

ಸಂಜೆಯ ಹೊತ್ತು ಮೊಗಸಾಲೆಯಲ್ಲಿ ಕುಳಿತು ಅಜ್ಜಿ ತಮ್ಮ ಬಾಲ್ಯದ ಸಂಗತಿಗಳನ್ನು ಹೇಳುವರು. ಅವರು ಹುಟ್ಟಿದ್ದು 1932ರಲ್ಲಿ, ಅದೇ ಊರಿನಿಂದ ಆರು ಮೈಲಿ ದೂರದ ಒಂದು ಹೊಲದ ಮನೆಯಲ್ಲಿ. ಆಗ ಆ ಮನೆಯಲ್ಲಿ ವಿದ್ಯುದ್ದೀಪವಿರಲಿಲ್ಲ. ಇದನ್ನು ಕೇಳಿ ನಾವು ಆಶ್ಚರ್ಯಪಟ್ಟೆವು. ಆದರೆ ನಿಜಸ್ಥಿತಿ ಅದೇ. 1935ರ ಸುಮಾರಿನಲ್ಲಿ ಆ ದೇಶದ ಹೊಲದ ಮನೆಗಳ ಪೈಕಿ ಹತ್ತಕ್ಕೆ ಒಂದರಲ್ಲಿ ಮಾತ್ರವೇ ವಿದ್ಯುಚ್ಛಕ್ತಿಯಿದ್ದಿತು. ಅಧ್ಯಕ್ಷ ರೂಸ್ವೆಲ್ಟರು ಗ್ರಾಮಾಂತರಗಳಿಗೆ ವಿದ್ಯುತ್ತನ್ನೊದಗಿಸುವ ಇಲಾಖೆಯೊಂದನ್ನು ಆ ವರ್ಷವೇ ಸ್ಥಾಪಿಸಿದರು. ಮರುವರ್ಷ ಅದಕ್ಕೆ ಶಾಸನದ ಬಲವೂ ದೊರೆಯಿತು. ಅಜ್ಜಿಯ ಮನೆಗೆ ದೀಪ ಬಂದುದು ಅವರ ಏಳನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೂ ಅವರ ತಾಯಿ ಅಡಿಗೆಮಾಡಿದುದು ಸೌದೆಯ ಒಲೆಯಲ್ಲಿ. ಮುಚ್ಚುಗೂಡಿನಂತಿರುವ ಓವನ್ ಎಷ್ಟು ಕಾದಿದೆಯೆಂದು ತಿಳಿಯಲು ಯಾವ ಯಂತ್ರವೂ ಇರಲಿಲ್ಲ. ತಾಯಿ ಅದರೊಳಗೆ ಬರಿಗೈಯನ್ನು ಚಾಚಿ ಒಂದು, ಎರಡು, ಮೂರು ಎಂದು ಎಣಿಸುವರಂತೆ. ಎಷ್ಟು ಎಣಿಸುವವರೆಗೆ ಕೈ ತಾಳಿತೋ ಅದರಮೇಲೆ ಇದು ರೊಟ್ಟಿಯ ಕಾವು, ಇದು ಸಿಹಿಯ ಕಾವು ಎಂಬ ನಿರ್ಣಯ.

ನಮ್ಮ ರೈತರಲ್ಲಿ ಮುಯ್ಯಾಳು ಎಂಬ ಪದ್ಧತಿಯುಂಟಲ್ಲವೆ? ಅಂಥದೇ ಅಲ್ಲಿಯೂ ಇದ್ದಿತು. ಸುಗ್ಗಿಯಲ್ಲಿ ಒಕ್ಕಣೆಯ ಯಂತ್ರವೊಂದು ಹೊಲದಿಂದ ಹೊಲಕ್ಕೆ ಹೋಗುವುದು. ನೆರೆಹೊರೆಯ ಗಂಡಸರೆಲ್ಲ ಅದರ ಹಿಂದೆಯೇ ಹೋಗಿ ಒಬ್ಬರಿಗೊಬ್ಬರು ದುಡಿಯುವರು. ಯಾರ ಹೊಲದಲ್ಲಿ ಒಕ್ಕಣೆಯೋ ಆ ಮನೆಯ ಹೆಂಗಸರದು ಅಂದಿನ ಊಟದ ಹೊಣೆ. ಇಪ್ಪತ್ತು ಆಳು ಗಂಡಸರಿಗೆ ಬಡಿಸಲು ನೆರೆಯ ಹೆಂಗಸರೂ ಬಂದು ಸೇರುವರು. ಯಾರ ಮನೆಯ ಪೈ ಚೆನ್ನ, ಯಾರ ಮನೆಯದು ಸುಮಾರು ಎಂಬ ತೀರ್ಪು ಆ ಪಂಕ್ತಿಯಲ್ಲಿಯೇ ಆಗುವುದು. ಕೊಯ್ಲನ್ನೂ ಒಕ್ಕಣೆಯನ್ನೂ ಒಟ್ಟಿಗೆ ಮಾಡುವ ಯಂತ್ರಗಳು ಬಂದಮೇಲೆ ಈ ಪದ್ಧತಿಯು ನಿಂತುಹೋಯಿತು. ‘ಯಂತ್ರ ಬಂದು ಬೆನ್ನು ನೋವು ಹೋಯಿತು, ಜೊತೆಗೆ ಪಂಕ್ತಿಯೂ ಹೋಯಿತು’ ಎಂದು ಅಜ್ಜಿ ನಕ್ಕರು.

ಆಪಲ್ ಬಟರ್ ಮಾಡುವ ದಿನವಂತೂ ಮಕ್ಕಳಿಗೆ ಹಬ್ಬ. ಮುನ್ನಾದಿನದ ರಾತ್ರಿ ನೆರೆಹೊರೆಯವರೆಲ್ಲ ಕೂಡಿ ಸೇಬನ್ನು ಸುಲಿದು ಹೆಚ್ಚುವರು. ಬೆಳಗಿನ ಜಾವದಲ್ಲಿ ಅಂಗಳದಲ್ಲಿ ತಾಮ್ರದ ಕೊಪ್ಪರಿಗೆಯನ್ನು ಹೂಡಿ, ಸೇಬಿನ ರಸವನ್ನು ಕಾಸಿ ಇಂಗಿಸಿ, ಅದರೊಳಗೆ ಹೋಳುಗಳನ್ನು ಹಾಕಿ, ಉದ್ದ ಹಿಡಿಯ ಮರದ ಸಟ್ಟುಗದಿಂದ ಸಂಜೆಯವರೆಗೂ ಸರದಿಯಮೇಲೆ ತಿರುವುವರು. ತಳ ಹತ್ತದಿರಲೆಂದು ಕೆಲವರು ತಾಮ್ರದ ಕಾಸುಗಳನ್ನು ಕೊಪ್ಪರಿಗೆಯ ತಳಕ್ಕೆ ಹಾಕುವುದೂ ಉಂಟಂತೆ. ಇದನ್ನು ಕೇಳುತ್ತ ನಮಗೆ ಮಂಡ್ಯದ ಕಡೆಯ ಆಲೆಮನೆಯ ನೆನಪಾಯಿತು. ಸಿಹಿಯ ಆವಿಯ ಸುತ್ತ ಕಾದು ನಿಂತ ಮಕ್ಕಳು ಎಲ್ಲಾ ದೇಶದಲ್ಲಿಯೂ ಒಂದೇ.

ಹೀಗೆ ಮಾಡಿದ ಪದಾರ್ಥವನ್ನೂ, ಬೇಸಗೆಯ ತರಕಾರಿ ಹಣ್ಣುಗಳನ್ನೂ ಗಾಜಿನ ಭರಣಿಗಳಲ್ಲಿ ತುಂಬಿ, ಮನೆಯ ಕೆಳಗಿನ ನೆಲಮಾಳಿಗೆಯಲ್ಲಿ ಸಾಲಾಗಿ ಇಡುವರು. 1858ರಲ್ಲಿ ಜಾನ್ ಮೇಸನ್ ಎಂಬ ತಗಡುಕೆಲಸದವನು ತಿರುಪಿನ ಮುಚ್ಚಳ ಹಾಕುವ ಭರಣಿಗೆ ಹಕ್ಕುಪತ್ರವನ್ನು ಪಡೆದನು. ಇಂದಿಗೂ ಅವಕ್ಕೆ ಅವನ ಹೆಸರೇ. ಮಳೆಗಾಲಕ್ಕೆಂದು ನಮ್ಮ ಹೆಂಗಸರು ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳನ್ನು ಕೂಡಿಡುವಂತೆ ಅಲ್ಲಿಯವರು ಹಿಮ ಬೀಳುವ ತಿಂಗಳುಗಳಿಗಾಗಿ ಈ ಭರಣಿಗಳನ್ನು ಕೂಡಿಡುತ್ತಿದ್ದರು.

ಭಾನುವಾರದ ವಿಚಾರ ಬಂದಾಗ ಅಜ್ಜಿಯ ಮುಖವು ಅರಳುವುದು. ಪ್ರಾರ್ಥನೆ ಮುಗಿಸಿಕೊಂಡು ಎಲ್ಲರೂ ಅಜ್ಜ ಅಜ್ಜಿಯರ ಮನೆಗೆ ಹೋಗಿ ಉಣ್ಣುವುದು ಅವರ ಮನೆತನದ ರೂಢಿ. ಚಿಕ್ಕಪ್ಪ, ದೊಡ್ಡಪ್ಪ, ಸೋದರತ್ತೆ, ಅವರ ಮಕ್ಕಳು ಎಲ್ಲರೂ ನೆರೆಯುವರು. ಮೊದಲ ಪಂಕ್ತಿ ದೊಡ್ಡವರದು. ಮಕ್ಕಳು ಬಾಗಿಲ ಸಂದಿಯಿಂದ, ತಟ್ಟೆಯಲ್ಲಿ ಪೈ ಎಷ್ಟು ಉಳಿದಿದೆ, ಯಾವ ಮಾವ ಎರಡನೆಯ ತುಂಡಿಗೆ ಕೈಹಾಕಿದ ಎಂದು ಲೆಕ್ಕ ಹಾಕುತ್ತ ನಿಂತಿರುವರು. ‘ಅಜ್ಜಿ ಮಾತ್ರ ಒಂದನ್ನು ಯಾರಿಗೂ ಕಾಣದಂತೆ ಅಲಮಾರಿನಲ್ಲಿ ಮುಚ್ಚಿಟ್ಟಿರುತ್ತಿದ್ದರು. ಅದು ನಮ್ಮದು’ ಎಂದು ಎಂಬತ್ತಾರರ ಆ ವೃದ್ಧೆ ಹೇಳುವಾಗ ಅವರ ದನಿಯು ಎಂಟು ವರ್ಷದ ಹುಡುಗಿಯದಾಗುತ್ತಿದ್ದಿತು.

ಆದರೆ ಕ್ರಮೇಣ ನಾವು ಒಂದನ್ನು ಗಮನಿಸಿದೆವು. 1940ರ ಸುಮಾರಿನ ಸಂಗತಿಗಳನ್ನು ಚಿತ್ರ ಬರೆದಂತೆ ಹೇಳುವ ಅಜ್ಜಿ, ನಿನ್ನೆಯ ದಿನ ನಾವು ಬಂದುದನ್ನು ಮರೆತಿರುವರು. ನಮ್ಮ ಮಗಳ ಹೆಸರನ್ನು ದಿನಕ್ಕೆರಡು ಸಲ ಕೇಳುವರು. ಮರೆವಿನ ರೋಗವು ಮೆಲ್ಲಗೆ ಅವರನ್ನು ಹಿಡಿಯುತ್ತಿದ್ದಿತು. ವಸಂತಕಾಲಕ್ಕೆ ಆ ಮನೆಯನ್ನು ಮಾರಿ, ಅವರನ್ನು ಹಿರಿಯ ಮಗಳ ಊರಿನ ವೃದ್ಧರ ಆರೈಕೆಯ ಮನೆಗೆ ಕರೆದೊಯ್ಯುವುದೆಂದು ಮಕ್ಕಳು ನಿಶ್ಚಯಿಸಿದ್ದರು. ಅಲ್ಲಿ ಅವರಿಗೆ ಒಲೆಯಿರದು.

ಅಕ್ಟೋಬರ್ ತಿಂಗಳ ಒಂದು ಶನಿವಾರ ಮೊಮ್ಮಗಳೊಬ್ಬಳು ಎರಡು ಗಂಟೆಯ ಹಾದಿಯನ್ನು ಮೋಟಾರಿನಲ್ಲಿ ಬಂದಳು. ಇಪ್ಪತ್ತಾರರ ವಯಸ್ಸು, ಆಸ್ಪತ್ರೆಯೊಂದರಲ್ಲಿ ದಾದಿಯ ಕೆಲಸ. ಅಜ್ಜಿಯ ಸೇಬಿನ ಪೈ ಮಾಡುವುದನ್ನು ಕಲಿಯಬೇಕೆಂಬುದು ಅವಳ ಹಂಬಲ. ಪೈ ಎಂದರೆ ನಮ್ಮ ಹೋಳಿಗೆಯ ದೂರದ ನಂಟನೆನ್ನಬಹುದು. ಇದಕ್ಕೂ ಹೊರಗೆ ಕಣಕ, ಒಳಗೆ ಹೂರಣ. ಕಣಕವನ್ನು ಲಟ್ಟಿಸಿ ಅಗಲವಾದ ತಟ್ಟೆಯಲ್ಲಿ ಹಾಸಿ, ಸಕ್ಕರೆ ದಾಲ್ಚಿನ್ನಿಗಳನ್ನು ಬೆರಸಿದ ಸೇಬಿನ ಹೋಳುಗಳನ್ನು ತುಂಬಿ, ಮೇಲೆ ಇನ್ನೊಂದು ಕಣಕವನ್ನು ಹೊದಿಸಿ, ಆವಿ ಹೋಗಲು ಸೀಳುಗಳನ್ನು ಬಿಟ್ಟು ಓವನ್ನಿನಲ್ಲಿ ಬೇಯಿಸುವರು. ಕಣಕವು ಪದರಪದರವಾಗಿ ಬಿಚ್ಚಿಕೊಂಡರೆ ಗೆದ್ದಂತೆ, ಗಟ್ಟಿಯಾದರೆ ಸೋತಂತೆ. ಹಿಟ್ಟಿಗೆ ಹಾಕುವ ಕೊಬ್ಬು ತಣ್ಣಗಿರಬೇಕು, ಬಟಾಣಿಯಷ್ಟು ದಪ್ಪದ ಚೂರುಗಳಾಗಿ ಉಳಿಯಬೇಕು, ನೀರು ಎಷ್ಟು ಕಡಮೆಯೋ ಅಷ್ಟು ಒಳ್ಳೆಯದು, ಕೈಯಾಡಿಸುವುದೂ ಅಷ್ಟಕ್ಕಷ್ಟೇ. ಹೆಚ್ಚು ನಾದಿದರೆ ಹಿಟ್ಟಿನ ಜಿಗಿ ಬೆಳೆದು ಕಣಕವು ಚರ್ಮದಂತಾಗುವುದು.

ಅಜ್ಜಿಯ ಬಳಿ ತಗಡಿನ ಪೆಟ್ಟಿಗೆಯೊಂದಿದ್ದಿತು. ಅದರಲ್ಲಿ 3 ಅಂಗುಲ ಅಗಲ 5 ಅಂಗುಲ ಉದ್ದದ ಕಾರ್ಡುಗಳು. ಒಂದೊಂದರ ಮೇಲೂ ಒಂದೊಂದು ಅಡಿಗೆಯ ವಿಧಾನ. ಆ ದೇಶದ ಹಳೆಯ ಮನೆಗಳಲ್ಲಿ ಇಂಥ ಪೆಟ್ಟಿಗೆಗಳು ಬಹಳ. ಪೈಯಿನ ಕಾರ್ಡು ಜಿಡ್ಡು ಹತ್ತಿ ಹಳದಿಯಾಗಿದ್ದಿತು. ಅಜ್ಜಿಯ ತಾಯಿಯ ಕೈಬರಹ. ಅದರಲ್ಲಿದ್ದುದು ಇಷ್ಟೇ: ಹಿಟ್ಟು ಸಾಕಾಗುವಷ್ಟು, ಕೊಬ್ಬು ಮೂರು ಮೊಟ್ಟೆಗಳ ಗಾತ್ರ, ನೀರು ಹಿಟ್ಟು ಕೇಳಿದಷ್ಟು. ಮೊಮ್ಮಗಳು ಅದರಂತೆ ಮಾಡಿದಳು. ಕಣಕವು ಗಟ್ಟಿಯಾಯಿತು. ‘ಅಜ್ಜೀ, ನೀರು ಎಷ್ಟು ಎಂದು ಹೇಳಬಾರದೆ?’ ಎಂದು ಕೇಳಿದಳು. ಅಜ್ಜಿ ಬಹಳ ಹೊತ್ತು ಯೋಚಿಸಿ, ‘ನನಗೆ ಮರೆತುಹೋಗಿದೆ, ಮಗೂ’ ಎಂದರು. ಹುಡುಗಿಯ ಕಣ್ಣಿನಲ್ಲಿ ನೀರಾಡಿತು. ನಮ್ಮ ಮನೆಯವರು ಮುಖವನ್ನು ಆ ಕಡೆ ತಿರುಗಿಸಿಕೊಂಡರು.

ಅವರು ಹಾಗೆ ಮುಖ ತಿರುಗಿಸಿಕೊಂಡುದರ ಕಾರಣವು ನಮಗೆ ಗೊತ್ತಿದ್ದಿತು. ನಮ್ಮ ತಾಯಿಯವರು ಮಾಡುತ್ತಿದ್ದ ಹುಳಿಪುಡಿಯ ಕಥೆಯೂ ಇದೇ. ಅವರು 1994ರಲ್ಲಿ ತೀರಿಕೊಂಡರು. ಅವರ ಪುಸ್ತಕದಲ್ಲಿ ಕೊತ್ತಂಬರಿ ಇಷ್ಟು ಪಾವು, ಮೆಣಸಿನಕಾಯಿ ಇಷ್ಟು ಎಂದಿದೆ; ‘ಮೆಂತ್ಯ ಕಣ್ಣಳತೆ, ಹದವಾಗಿ ಹುರಿಯುವುದು’ ಎಂದು ಮುಗಿದಿದೆ. ಇಪ್ಪತ್ತನಾಲ್ಕು ವರ್ಷಗಳ ಕಾಲ ನಮ್ಮ ಮನೆಯವರು ಆ ಹದವನ್ನು ಹುಡುಕಿದ್ದರು. ಪುಡಿಯು ಚೆನ್ನಾಗಿರುತ್ತಿದ್ದಿತು, ಆದರೆ ಅದು ಆ ಪುಡಿಯಾಗಿರಲಿಲ್ಲ.

ಅಳತೆಯ ಈ ಪ್ರಶ್ನೆಯು ತಲೆಗೆ ಹೊಕ್ಕಿದ್ದುದರಿಂದ ನಾವು ಪುಸ್ತಕಭಂಡಾರದಲ್ಲಿ ಪಾಕಶಾಸ್ತ್ರದ ಕಪಾಟನ್ನೇ ಹಿಡಿದು ಕುಳಿತೆವು. ಅಲ್ಲಿ ಇಬ್ಬರು ಮಹಿಳೆಯರ ಪರಿಚಯವಾಯಿತು. ಮೊದಲನೆಯವರು ಫ್ಯಾನಿ ಫಾರ್ಮರ್. 1857ರಲ್ಲಿ ಹುಟ್ಟಿದ ಈಕೆ ಹರೆಯದಲ್ಲಿ ಪಕ್ಷವಾತಕ್ಕೆ ಗುರಿಯಾಗಿ ಓದನ್ನು ನಿಲ್ಲಿಸಬೇಕಾಯಿತು. ಮುಂದೆ ಅಡಿಗೆಯನ್ನೇ ವಿದ್ಯೆಯಾಗಿ ಕಲಿತು ಬಾಸ್ಟನ್ ನಗರದ ಅಡಿಗೆಶಾಲೆಗೆ ಮುಖ್ಯಸ್ಥೆಯಾದರು. 1896ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಮೊಟ್ಟೆಯ ಗಾತ್ರ, ಹಿಡಿಯಷ್ಟು ಎಂಬ ಮಾತುಗಳಿಗೆ ಬದಲಾಗಿ, ಚೂರಿಯ ಅಂಚಿನಿಂದ ಗೀರಿ ಸಮಮಾಡಿದ ಬಟ್ಟಲು, ಸಮಮಾಡಿದ ಚಮಚ ಎಂಬ ನಿಷ್ಕೃಷ್ಟವಾದ ಅಳತೆಗಳು ಬಂದುವು. ಪ್ರಕಾಶಕರಿಗೆ ನಂಬಿಕೆ ಸಾಲದೆ ಮೊದಲ 3,000 ಪ್ರತಿಗಳ ಖರ್ಚನ್ನು ಲೇಖಕಿಯಿಂದಲೇ ಭರಿಸಿಕೊಂಡರು. ಆದರೂ ಆ ಗ್ರಂಥವು ಆ ದೇಶದ ಮನೆಮನೆಯನ್ನು ಮುಟ್ಟಿತು. ತಾಯಿಯ ಮಗ್ಗುಲಲ್ಲಿ ನಿಂತು ಕಲಿಯುವ ಅವಕಾಶವಿಲ್ಲದವರಿಗೆ ಅದರಿಂದಾದ ಉಪಕಾರವು ಸಾಮಾನ್ಯವಲ್ಲ.

ಎರಡನೆಯವರು ಎಡ್ನಾ ಲೂಯಿಸ್. ಇವರು 1916ರಲ್ಲಿ ವರ್ಜೀನಿಯಾ ಸಂಸ್ಥಾನದ ಫ್ರೀಟೌನ್ ಎಂಬ ಪುಟ್ಟ ಹಳ್ಳಿಯಲ್ಲಿ ಹುಟ್ಟಿದರು. ದಾಸ್ಯದಿಂದ ಬಿಡುಗಡೆ ಹೊಂದಿದ ನೀಗ್ರೋ ಜನಾಂಗದ ಕುಟುಂಬಗಳು ಕಟ್ಟಿಕೊಂಡ ಹಳ್ಳಿಯದು. ಕಟ್ಟಿದವರಲ್ಲಿ ಇವರ ಅಜ್ಜನೂ ಒಬ್ಬರು. ಲೂಯಿಸ್ ಹರೆಯದಲ್ಲಿಯೇ ಊರನ್ನು ಬಿಟ್ಟು, ಮುಂದೆ ನ್ಯೂಯಾರ್ಕಿನಲ್ಲಿ ಹೆಸರಾಂತ ಪಾಕಪ್ರವೀಣೆಯಾದರು. 1976ರಲ್ಲಿ ಪ್ರಕಟವಾದ ಅವರ ಪುಸ್ತಕವು ಅಡಿಗೆಯ ಪುಸ್ತಕವೂ ಹೌದು, ಆ ಹಳ್ಳಿಯ ಬಾಲ್ಯದ ಚರಿತ್ರೆಯೂ ಹೌದು. ಅದರಲ್ಲಿ ಅಡಿಗೆಗಳು ಋತುಗಳಿಗನುಸಾರವಾಗಿ ಬರುತ್ತವೆ. ಆಗಸ್ಟ್ ತಿಂಗಳ ಧಾರ್ಮಿಕ ಉತ್ಸವದ ವಾರದಲ್ಲಿ ದೂರದ ಊರುಗಳಿಗೆ ಹೋದ ನೆಂಟರೆಲ್ಲ ಹಿಂದಿರುಗಿ ಮರದಡಿಯಲ್ಲಿ ಉದ್ದನೆಯ ಮೇಜುಗಳನ್ನು ಹಾಕಿ ಉಣ್ಣುವ ವರ್ಣನೆಯಿದೆ. ಅವರ ಹಳ್ಳಿಯಲ್ಲಿ ಅಳತೆಯ ಚಮಚವಿರಲಿಲ್ಲ; ಹಿಟ್ಟನ್ನುಬ್ಬಿಸುವ ಪುಡಿಯನ್ನು ನಾಣ್ಯದ ಮೇಲೆ ರಾಶಿಮಾಡಿ ಅಳೆಯುತ್ತಿದ್ದರು. ಕೇಕು ಬೆಂದಿತೆ ಎಂದು ತಿಳಿಯಲು ಅದಕ್ಕೆ ಕಿವಿಗೊಟ್ಟು, ಒಳಗಿನ ಸದ್ದು ಅಡಗುವುದನ್ನು ಕೇಳುತ್ತಿದ್ದರು. ಆ ಹಳ್ಳಿಯು ಈಗ ಹಳ್ಳಿಯಾಗಿ ಉಳಿದಿಲ್ಲ. 2006ರಲ್ಲಿ ಲೂಯಿಸರೂ ಗತಿಸಿದರು. ಆದರೆ ಅವರು ಕಂಡದ್ದನ್ನು ಕಂಡಂತೆ ಬರೆದಿಟ್ಟುದರಿಂದ ಫ್ರೀಟೌನಿನ ಒಲೆಯು ಇನ್ನೂ ಆರಿಲ್ಲ.

ಈ ಎರಡನ್ನೂ ಓದಿದಮೇಲೆ ನಮಗೆ ತೋರಿದುದು ಇದು: ಒಬ್ಬರು ಅಳತೆಯನ್ನು ಬರೆದರು, ಇನ್ನೊಬ್ಬರು ಕೈ, ಕಣ್ಣು, ಕಿವಿಗಳು ಮಾಡುವುದನ್ನು ಬರೆದರು. ಎರಡೂ ಬೇಕು. ನಾವು ಮೊಮ್ಮಗಳಿಗೆ ಒಂದು ಕಾಗದ ಬರೆದು, ‘ಅಜ್ಜಿಯನ್ನು ಏನೂ ಕೇಳಬೇಡ. ಅವರು ಮಾಡಲಿ, ನೀನು ತೂಗು’ ಎಂದು ತಿಳಿಸಿದೆವು. ಮರೆವಿನ ರೋಗದಲ್ಲಿ ಹೆಸರುಗಳೂ ನಿನ್ನೆಮೊನ್ನೆಯ ಸಂಗತಿಗಳೂ ಮೊದಲು ಅಳಿಸಿಹೋಗಿ, ಕೈಗೆ ರೂಢಿಯಾದ ಕೆಲಸವು ಹೆಚ್ಚು ಕಾಲ ಉಳಿಯುವುದುಂಟೆಂದು ವೈದ್ಯರು ಹೇಳುವುದನ್ನು ನಾವು ಕೇಳಿದ್ದೆವು. ದಾದಿಯಾದ ಅವಳಿಗೆ ಅದು ನಮಗಿಂತ ಚೆನ್ನಾಗಿ ಗೊತ್ತಿದ್ದಿತು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ತಕ್ಕಡಿಯೊಡನೆ ಬರುವೆನೆಂದು ಉತ್ತರ ಬರೆದಳು.

ಆ ಹಬ್ಬದ ಚರಿತ್ರೆಯಲ್ಲಿ ಮಾಸಪತ್ರಿಕೆಗಳನ್ನೋದುವ ಗೃಹಸ್ಥರಿಗೆ ಸಂತೋಷವಾಗತಕ್ಕ ಸಂಗತಿಯೊಂದಿದೆ. 1621ರಲ್ಲಿ ಪ್ಲಿಮತ್ ಎಂಬಲ್ಲಿ ನೆಲಸಿದ ಆಂಗ್ಲೇಯರೂ ಆ ನಾಡಿನ ಮೂಲನಿವಾಸಿಗಳಾದ ವಾಂಪನೋಗ್ ಜನರೂ ಸುಗ್ಗಿಯ ಊಟವನ್ನು ಒಟ್ಟಿಗೆ ಉಂಡರು ಎಂಬುದು ಇದರ ಮೂಲವೆನ್ನುವರು. ಆದರೆ ಬಹುಕಾಲ ಇದು ಕೆಲವು ಸಂಸ್ಥಾನಗಳ ಆಚರಣೆಯಾಗಿ, ಒಂದೊಂದು ಕಡೆ ಒಂದೊಂದು ದಿನ ನಡೆಯುತ್ತಿದ್ದಿತು. ಇದನ್ನು ದೇಶದ ಹಬ್ಬವಾಗಿ ಮಾಡಿಸಿದವರು ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ. ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ನ್ಯೂಪೋರ್ಟ್ ಎಂಬ ಚಿಕ್ಕ ಊರಿನಲ್ಲಿ 1788ರಲ್ಲಿ ಹುಟ್ಟಿದ ಈಕೆ, 1822ರಲ್ಲಿ ಐದು ಮಕ್ಕಳೊಡನೆ ವಿಧವೆಯಾಗಿ, ಲೇಖನಿಯಿಂದಲೇ ಸಂಸಾರವನ್ನು ಸಾಕಿದರು. 1827ರಲ್ಲಿ ಬರೆದ ಕಾದಂಬರಿಯಲ್ಲಿ ಈ ಹಬ್ಬದ ಊಟವನ್ನು ವಿಸ್ತಾರವಾಗಿ ವರ್ಣಿಸಿದರು. 1837ರಿಂದ 1877ರವರೆಗೆ ಸ್ತ್ರೀಯರ ಮಾಸಪತ್ರಿಕೆಯೊಂದನ್ನು ನಡೆಯಿಸುತ್ತ, ವರ್ಷವರ್ಷವೂ ಅದರಲ್ಲಿ ಬರೆದು, ಅಧ್ಯಕ್ಷರಿಗೂ ಪ್ರಾಂತಾಧಿಕಾರಿಗಳಿಗೂ ಕಾಗದಗಳನ್ನು ಕಳುಹಿಸಿದರು. ಕೊನೆಗೆ ಅಂತರ್ಯುದ್ಧದ ನಡುವೆ, 1863ನೆಯ ಸೆಪ್ಟೆಂಬರ್ 28ರಂದು ಲಿಂಕನ್ನರಿಗೆ ಬರೆದ ಕಾಗದಕ್ಕೆ ಫಲ ದೊರೆಯಿತು. ಅಕ್ಟೋಬರ್ 3ರಂದು ಲಿಂಕನ್ನರು ದೇಶಕ್ಕೆಲ್ಲ ಒಂದೇ ದಿನವೆಂದು ಘೋಷಿಸಿದರು. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರವೆಂದು ಶಾಸನದಿಂದ ಗೊತ್ತಾದುದು 1941ರಲ್ಲಿ. ಮೂಲನಿವಾಸಿಗಳಿಗೆ ಮಾತ್ರ ಈ ದಿನವು ತಾವು ಕಳೆದುಕೊಂಡ ನೆಲದ ನೆನಪನ್ನು ತರುವುದರಿಂದ, 1970ರಿಂದ ಅವರಲ್ಲಿ ಅನೇಕರು ಪ್ಲಿಮತ್ತಿನಲ್ಲಿ ಇದನ್ನು ದುಃಖದ ದಿನವಾಗಿ ಆಚರಿಸುತ್ತಿರುವರು. ಒಂದೇ ಊಟವನ್ನು ಇಬ್ಬರು ಎರಡು ವಿಧವಾಗಿ ನೆನೆಯುವುದುಂಟೆಂಬುದನ್ನು ಮರೆಯಬಾರದು.

2018ರಲ್ಲಿ ಆ ಹಬ್ಬವು ನವೆಂಬರ್ 22ರಂದು ಬಂದಿತು. ಗೌರೀಹಬ್ಬಕ್ಕೆ ನಮ್ಮ ಹೆಣ್ಣುಮಕ್ಕಳು ತವರಿಗೆ ಹೊರಟಂತೆ ಆ ದೇಶಕ್ಕೆ ದೇಶವೇ ಹೊರಡುವುದು. ಅಜ್ಜಿಯ ಮನೆಯ ಮುಂದೆ ಮುನ್ನಾದಿನವೇ ಐದು ಮೋಟಾರುಗಳು ನಿಂತುವು. ಆ ಮನೆಯಲ್ಲಿ ಅದೇ ಕಡೆಯ ಹಬ್ಬವೆಂದು ಎಲ್ಲರಿಗೂ ಗೊತ್ತಿದ್ದಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮಧ್ಯಾಹ್ನ ಅಜ್ಜಿಯನ್ನು ಅಡಿಗೆಮನೆಯ ಮಣೆಯ ಮುಂದೆ ನಿಲ್ಲಿಸಿದರು. ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಮೊಮ್ಮಗಳು ಸೇಬಿನ ಬುಟ್ಟಿಯನ್ನು ತಂದು ಮುಂದಿಟ್ಟೊಡನೆ, ಕೈಗಳು ತಮ್ಮಷ್ಟಕ್ಕೆ ತಾವೇ ಎದ್ದುವು. ಹಿಟ್ಟಿನ ಡಬ್ಬವನ್ನು ಮೊದಲೇ ತೂಗಿಟ್ಟಿದ್ದಿತು. ಅಜ್ಜಿ ಹಿಡಿಹಿಡಿಯಾಗಿ ತೆಗೆದುಕೊಂಡಮೇಲೆ ಹುಡುಗಿಯು ಮತ್ತೆ ತೂಗಿ ವ್ಯತ್ಯಾಸವನ್ನು ಬರೆದುಕೊಂಡಳು: 310 ಗ್ರಾಂ. ಕೊಬ್ಬು 175 ಗ್ರಾಂ. ಬಟ್ಟಲಿನ ನೀರನ್ನು ಬೆರಳಿನಿಂದ ಚಿಮುಕಿಸುತ್ತ, ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿ ನೋಡುತ್ತ, ಒಂದು ಹಂತದಲ್ಲಿ ನಿಲ್ಲಿಸಿದರು: 96 ಗ್ರಾಂ.

ಆ ಪೈಯಿನ ಕಣಕಕ್ಕೆ ಅಲ್ಲಿಯ ರೂಢಿಯಂತೆ ಹಂದಿಯ ಕೊಬ್ಬನ್ನು ಹಾಕುವರು. ನಾವು ಅದನ್ನು ತಿನ್ನುವವರಲ್ಲ. ಊಟಕ್ಕೆ ಕರೆದಾಗಲೇ ಮೊಮ್ಮಗಳಿಗೆ ಸಂಕೋಚದಿಂದ ಈ ಮಾತನ್ನು ಹೇಳಿದ್ದೆವು. ಅವಳು ಬೆಣ್ಣೆಯನ್ನು ಮುಂದಿಟ್ಟು, ‘ನೆರೆಮನೆಯವರಿಗೆ ಬೇರೆ ಪೈ, ಅಜ್ಜೀ’ ಎಂದಳು. ಅಜ್ಜಿ ಯಾಕೆ ಎನ್ನಲಿಲ್ಲ. ಕೈತೊಳೆದುಕೊಂಡು ಇನ್ನೊಂದನ್ನು ಮಾಡಿದರು. ಹಿಟ್ಟು 316 ಗ್ರಾಂ. ಬೆಣ್ಣೆ 190 ಗ್ರಾಂ. ಆದರೆ ನೀರು 61 ಗ್ರಾಂ ಮಾತ್ರ. ಹುಡುಗಿಯು ಬೆರಗಾಗಿ, ‘ಇಷ್ಟೇ ಸಾಕೆ?’ ಎಂದಳು. ಅಜ್ಜಿ, ‘ಹಿಟ್ಟು ಸಾಕೆಂದಿತು’ ಎಂದರು.

ಅದರ ಕಾರಣವನ್ನು ಆಮೇಲೆ ಓದಿ ತಿಳಿದೆವು. ಕರಗಿಸಿ ಶೋಧಿಸಿದ ಕೊಬ್ಬಿನಲ್ಲಿ ನೀರಿನಂಶವು ಇಲ್ಲವೆನ್ನುವಷ್ಟು ಕಡಮೆ. ಬೆಣ್ಣೆಯಲ್ಲಾದರೋ ನೂರಕ್ಕೆ ಹದಿನಾರರಷ್ಟು ನೀರೇ ಇರುವುದು. 190 ಗ್ರಾಂ ಬೆಣ್ಣೆಯೊಡನೆ ಸುಮಾರು 30 ಗ್ರಾಂ ನೀರು ತಾನಾಗಿಯೇ ಹಿಟ್ಟಿಗೆ ಸೇರಿದ್ದಿತು. ಈ ಲೆಕ್ಕವು ಅಜ್ಜಿಗೆ ಗೊತ್ತಿರಲಿಲ್ಲ. ಆ ದಿನ ವಾರವಾವುದೆಂಬುದೂ ಅವರಿಗೆ ಗೊತ್ತಿರಲಿಲ್ಲ. ಅವರ ಬೆರಳುಗಳಿಗೆ ಮಾತ್ರ ಎಲ್ಲವೂ ಗೊತ್ತಿದ್ದಿತು. ಅವರ ತಾಯಿ ಕಾರ್ಡಿನಲ್ಲಿ ಬರೆದ ‘ಹಿಟ್ಟು ಕೇಳಿದಷ್ಟು’ ಎಂಬುದು ಅಜಾಗರೂಕತೆಯ ಮಾತಲ್ಲವೆಂದೂ, ಅದೇ ಸರಿಯಾದ ಅಳತೆಯೆಂದೂ ಆಗ ಮನವರಿಕೆಯಾಯಿತು. ಆದರೆ ಹಿಟ್ಟು ಕೇಳುವುದನ್ನು ಕೇಳಿಸಿಕೊಳ್ಳಲು, ಕೇಳಿಸಿಕೊಳ್ಳಬಲ್ಲವರ ಪಕ್ಕದಲ್ಲಿ ಒಮ್ಮೆಯಾದರೂ ನಿಂತಿರಬೇಕು.

ಮೂರನೆಯ ಪೈಯನ್ನು ಮೊಮ್ಮಗಳು ಮಾಡಿದಳು. ಅಜ್ಜಿ ಅವಳ ಕೈಮೇಲೆ ತಮ್ಮ ಕೈಯನ್ನಿಟ್ಟು, ಹಿಟ್ಟು ಮುದ್ದೆಯಾಗುವ ಕ್ಷಣದಲ್ಲಿ ಬಿಗಿಯಾಗಿ ಒತ್ತಿ ‘ಇಲ್ಲಿ’ ಎಂದರು. ತಕ್ಕಡಿಯಲ್ಲಿ ಆ ‘ಇಲ್ಲಿ’ ಎಂಬುದಕ್ಕೆ 94 ಗ್ರಾಂ ಬಂದಿತು.

ಮರುದಿನದ ಊಟಕ್ಕೆ ಹದಿನೇಳು ಜನ. ನಮ್ಮ ಮನೆಯವರು ಕುಂಬಳಕಾಯಿಯ ಕಡುಬು ಮಾಡಿ ಒಯ್ದಿದ್ದರು. ಎಲ್ಲರೂ ಪೈಗಳನ್ನು ತಿಂದು, ಮೊಮ್ಮಗಳದು ಯಾವುದು, ಅಜ್ಜಿಯದು ಯಾವುದು ಎಂದು ಹೇಳಲಾರದೆ ಹೋದರು. ಊಟವಾದಮೇಲೆ ಅಜ್ಜಿ ಮೆಲ್ಲಗೆ ಎದ್ದು ಅಡಿಗೆಮನೆಗೆ ಹೋದರು. ಹಿಂದಿನಿಂದ ಹೋದ ಮರಿಮಕ್ಕಳು ಕೂಗಾಡುತ್ತ ಹೊರಬಂದುವು. ಅಲಮಾರಿನಲ್ಲಿ ಒಂದು ಪೈ ಮುಚ್ಚಿಟ್ಟಿದ್ದಿತು. ಯಾವಾಗ ಇಟ್ಟರೋ ಯಾರೂ ಕಂಡಿರಲಿಲ್ಲ.

ನಾವು ಡಿಸೆಂಬರಿನಲ್ಲಿ ಹಿಂದಿರುಗಿದೆವು. 2019ರ ವಸಂತದಲ್ಲಿ ಆ ಮನೆಯು ಮಾರಾಟವಾಯಿತೆಂದು ಮಗಳು ಬರೆದಳು. ಅದೇ ಟಪಾಲಿನಲ್ಲಿ ಮೊಮ್ಮಗಳು ಕಳುಹಿಸಿದ ಒಂದು ಕಾರ್ಡೂ ಇದ್ದಿತು. ಎಡಗಡೆಯಲ್ಲಿ ಮುತ್ತಜ್ಜಿಯ ಮಾತುಗಳು. ಬಲಗಡೆಯಲ್ಲಿ ಗ್ರಾಂ ಲೆಕ್ಕಗಳು. ನೀರಿನ ಮುಂದೆ ಮಾತ್ರ ಅವಳು ಲೆಕ್ಕವನ್ನು ಬರೆದು, ಕೆಳಗೆ ‘ಆದರೂ ಹಿಟ್ಟನ್ನು ಕೇಳು’ ಎಂದು ಸೇರಿಸಿದ್ದಳು.

ಅದನ್ನೋದಿದ ವಾರವೇ ನಾವು ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಅರಕಲಗೂಡಿಗೆ, ನಮ್ಮ ಅಕ್ಕನವರ ಮನೆಗೆ ಹೋದೆವು. ಅವರಿಗೆ ಎಪ್ಪತ್ತೊಂಬತ್ತು ವರ್ಷ. ಮದುವೆಗೆ ಮುಂಚೆ ತಾಯಿಯ ಪಕ್ಕದಲ್ಲಿ ನಿಂತು ಹುಳಿಪುಡಿಗೆ ಹುರಿದುಕೊಟ್ಟವರು ಅವರೇ. ಇಷ್ಟು ವರ್ಷ ಅವರನ್ನು ಫೋನಿನಲ್ಲಿ ಕೇಳಿದ್ದೆವು. ‘ಹದವಾಗಿ ಹುರಿ, ಅಷ್ಟೇ’ ಎಂದಿದ್ದರು. ಈ ಸಲ ಏನನ್ನೂ ಕೇಳದೆ, ‘ಅಕ್ಕಾ, ಮಾಡಿ ತೋರಿಸು’ ಎಂದೆವು. ಅವರು ಎಲ್ಲವನ್ನೂ ಹುರಿದು ತೆಗೆದು, ಒಲೆಯನ್ನು ಆರಿಸಿ, ಆಮೇಲೆ ಆ ಬಾಣಲೆಯ ಉಳಿದ ಕಾವಿನಲ್ಲಿ ಮೆಂತ್ಯವನ್ನು ಹಾಕಿ ಕೈಯಾಡಿಸಿದರು. ‘ಒಲೆ ಆರಿಸಿದಮೇಲೆಯೇ?’ ಎಂದು ನಮ್ಮ ಮನೆಯವರು ಕೂಗಿದರು. ‘ಮತ್ತೆ? ಉರಿಯಲ್ಲಿ ಹುರಿದರೆ ಕಹಿಯಾಗುವುದಿಲ್ಲವೆ? ಇದನ್ನೂ ಹೇಳಬೇಕೆ?’ ಎಂದು ಅಕ್ಕನವರು ಆಶ್ಚರ್ಯಪಟ್ಟರು.

ಅಂದು ರಾತ್ರಿ ಹುಳಿಯ ಮೊದಲ ತುತ್ತಿಗೆ ಯಾರೂ ಮಾತನಾಡಲಿಲ್ಲ.

ಹಿರಿಯರ ಅಡಿಗೆಯನ್ನು ಹೊಗಳುವುದಕ್ಕೆ ಅವರು ಹೋದಮೇಲೂ ಕಾಲವಿರುತ್ತದೆ; ಕಲಿಯುವುದಕ್ಕೆ ಇರುವುದಿಲ್ಲ. ಆದುದರಿಂದ ಈ ಸಲ ಊರಿಗೆ ಹೋಗುವ ವಾಚಕರಲ್ಲಿ ನಮ್ಮದೊಂದು ಪ್ರಾರ್ಥನೆ: ನಡುಮನೆಯಲ್ಲಿ ಕುಳಿತು ಬಡಿಸಿಕೊಳ್ಳಬೇಡಿ. ಪುಸ್ತಕ, ಪೆನ್ಸಿಲು, ಒಂದು ಚಿಕ್ಕ ತಕ್ಕಡಿ ಇವಿಷ್ಟನ್ನು ಹಿಡಿದುಕೊಂಡು ಅಡಿಗೆಮನೆಗೆ ಹೋಗಿ, ಒಲೆಯ ಪಕ್ಕದಲ್ಲಿ ಅರ್ಧ ದಿನ ನಿಲ್ಲಿ. ಅವರು ಹೇಳುವುದನ್ನು ಬರೆದುಕೊಳ್ಳಿ. ಅದಕ್ಕಿಂತ ಹೆಚ್ಚಾಗಿ, ಹೇಳಬೇಕಾದುದಿಲ್ಲವೆಂದು ಅವರು ಬಿಟ್ಟುಬಿಡುವುದನ್ನು ನೋಡಿಕೊಳ್ಳಿ.